ಲಕೋಟಿ ಸಮೇತ

ನಮ್ಮ ಕಡೆ ಇದಕ್ಕ ಅಂಚೆಚೀಟಿ ಅಂತ ಯಾರೂ ಅನ್ನೂದಿಲ್ಲ, ತಿಕೀಟು ಅಂತಾರ. ಬಸ್ಸಿಂದೂ ತಿಕೀಟ, ಸಿನೆಮಾದ್ದೂ ತಿಕೀಟ, ಟಪಾಲಿಂದೂ ತಿಕೀಟ. ನಾ ಪಿಯುಸಿ ತನಕಾ ಕಲತಾಕಿ, ಪುಸ್ತಕದಾಗ 'ಅಂಚೆ' ಅಂತ ಓದೇನಿ ಖರೇ, ಆದ್ರ ಬಾಯಾಗ ಬರೂದು ಟಪಾಲ. ಹಿಂಗಾಗಿ ಇಲ್ಲೂ ತಿಕೀಟು ಅಂತನ ಬರೀತೇನಿ, ಬೆಂಗಳೂರು ಮೈಸೂರು ಕಡೆಯವರು ಸ್ವಲ್ಪ ಸಂಭಾಳಿಸ್ಕೋರಿ.

ಈ ತಿಕೀಟಿನ ಹುಚ್ಚು ನನಗ ಹಿಡಿಸಿದವರು ನಮ್ಮ ಬಾಜೂ ಮನಿ ಪೋಸ್ಟಮಾಸ್ತರ ಕಾಕಾ. ರಿಟೈರ ಆಗಿ ಇಪ್ಪತ್ತು ವರ್ಷ ಆತು, ಇನ್ನೂ ಎಲ್ಲಾರೂ ಪೋಸ್ಟಮಾಸ್ತರ ಅಂತನ ಕರೀತಾರ. ಒಂದಿನ ಚಹಾ ಕುಡಕೋತ, 'ಒಂದ್ ಲಕೋಟಿ, ಅದರ ಮ್ಯಾಲೆ ಒಂದ್ ಪೆನ್ನಿ ತಿಕೀಟು, 2021ರಾಗ ಜರ್ಮನಿಯ ಲಿಲಾವಿನಾಗ 81 ಲಕ್ಷ ಯೂರೋಕ್ಕ ಹೋತು ನೋಡವಾ' ಅಂದ್ರು. ನಾ ಮೊಬೈಲಿನಾಗ ಲೆಕ್ಕಾ ಹಾಕಿ ನೋಡಿದೆ. ಆಗಿನ ಭಾವದಾಗ ಎಪ್ಪತ್ತು ಕೋಟಿ ರೂಪಾಯಿಗೂ ಹೆಚ್ಚು! ಕೈಯಾಗಿನ ಬಸಿ ಕೆಳಗಿಟ್ಟೆ. ಅಂಥಾದ್ದೇನಿತ್ರಿ ಆ ಲಕೋಟ್ಯಾಗ ಅಂತ ಕೇಳಿದ್ರ, 'ಏನೂ ಇಲ್ಲ, ಒಂದ್ ಪಾರ್ಟಿಗೆ ಕರದದ್ದು' ಅಂದ್ರು.

ಕಥಿ ಮಾರೀಶಸ್ಸಿಂದು. ಹಿಂದೂ ಮಹಾಸಾಗರದಾಗಿನ ಸಣ್ಣ ದ್ವೀಪ, ಮೊದಲ ಫ್ರೆಂಚರ ಕೈಯಾಗ ಇತ್ತು, ಆಮ್ಯಾಲೆ ಬ್ರಿಟಿಷರದಾತು. ಇಂಗ್ಲೆಂಡಿನಾಗ ಜಗತ್ತಿನ ಮೊದಲನೇ ತಿಕೀಟು, ಆ ಕರೀ ಪೆನ್ನಿ ತಿಕೀಟು, 1840ರಾಗ ಬಂತು. ಏಳು ವರ್ಷದ ಮ್ಯಾಲೆ, 1847ರ ಸಪ್ಟೆಂಬರ್ 21ಕ್ಕ, ಮಾರೀಶಸ್ಸಿನವರು ತಮ್ಮದ ತಿಕೀಟು ಹೊರಡಿಸಿದರು. ಒಂದು ಪೆನ್ನಿದು ಕೇಸರಿಗೆಂಪು, ಎರಡು ಪೆನ್ನಿದು ಕಡುನೀಲಿ. ಕೆತ್ತಿದವ ಜೋಸೆಫ್ ಬರ್ನಾರ್ಡ್ ಅಂತ, ಇಂಗ್ಲೆಂಡಿನಿಂದ ಹಡಗಿನಾಗ ಕದ್ದು ಕೂತು ಆ ದ್ವೀಪಕ್ಕ ಬಂದು ಬಿದ್ದಾಂವ. ಒಂದು ತಾಮ್ರದ ತಗಡಿನ ಮ್ಯಾಲೆ ಎರಡೂ ಚಿತ್ರಾ ಕೆತ್ತಿದ. ಇಂಗ್ಲೆಂಡಿನ ತಿಕೀಟಿನ ಮ್ಯಾಲಿನ ವಿಕ್ಟೋರಿಯಾ ರಾಣಿ ಮುಖಾ ನೋಡಿ ನಕಲು ತಗದಾನ, ರಾಣಿ ಕುತ್ತಿಗಿ ಕೆಳಗ ಸಣ್ಣಾಗಿ ತನ್ನ ಹೆಸರಿನ ಎರಡು ಅಕ್ಷರಾನೂ ಕೆತ್ತಿಟ್ಟಾನ. ಪಾತ್ರೆ ಅಂಗಡಿಯಾಗ ನಾವು ಹೆಸರು ಹಾಕಸ್ತೇವಲ್ಲ, ಹಂಗ. ಹಾಳಿಗೆ ಹಾಳಿ ಒಮ್ಮೆಲೆ ಒತ್ತೂದಲ್ಲ, ಒಂದೊಂದ ತಿಕೀಟು ಒತ್ತಿ ತಗೀಬೇಕು. ಹಿಂಗ ಒತ್ತಿದ್ದು ಒಂದೊಂದರಾಗ 500, ಒಟ್ಟು ಸಾವಿರ. ಇವತ್ತು ಜಗತ್ತಿನಾಗ ಉಳದದ್ದು ಬರೇ 27. ಕೇಸರಿಗೆಂಪಿನವು 15, ನೀಲಿವು 12.

ಆ ತಿಕೀಟಿನ ಎಡಗಡೆ 'ಪೋಸ್ಟ್ ಆಫೀಸ್' ಅಂತ ಕೆತ್ಯಾನ. ಮುಂದ 1848ರಾಗ ಬಂದದ್ದರಾಗ ಅದೇ ಜಾಗಾದಾಗ 'ಪೋಸ್ಟ್ ಪೇಡ್' ಅಂತ ಅದ. ಇದಕ್ಕ ಒಂದು ಕಥಿ ಹಬ್ಬ್ಯದ. ಬರ್ನಾರ್ಡಗ ಏನ್ ಬರೀಬೇಕು ಅನ್ನೂದು ಮರತಿತ್ತಂತ, ಕೇಳಾಕ ಹೊಂಟಾಗ ಟಪಾಲ ಕಚೇರಿ ಬೋರ್ಡ ಕಂಡು 'ಹಾಂ, ಇದ!' ಅಂತ ಅದನ್ನ ಕೆತ್ತಿಬಿಟ್ಟನಂತ. ಕೇಳಾಕ ಛಂದ ಅದ, ಆದ್ರ ಸುಳ್ಳು. ಆಗಿನ ಕಾಗದಪತ್ರದಾಗ 'ಪೋಸ್ಟ್ ಆಫೀಸ್' ಅಂತನ ಕೆತ್ತಬೇಕು ಅಂತ ಇತ್ತು ಅನ್ನೂದನ್ನ ತಿಳದವರು ತೋರ್ಸಿಕೊಟ್ಟಾರ. ಪಾಪ, ಕೈಕೆಲಸದವನ ಮ್ಯಾಲೆ ತಪ್ಪು ಹೊರಸೂದು ಎಲ್ಲಾ ಕಾಲದಾಗೂ ಸುಲಭ.

ಇನ್ನ ಪಾರ್ಟಿ ಸುದ್ದಿ. ಆವಾಗ ಅಲ್ಲಿನ ಗವರ್ನರ್ ಸರ್ ವಿಲಿಯಂ ಗೊಮ್. ಅವರ ಹೆಂಡ್ತಿ ಲೇಡಿ ಗೊಮ್ ಸಪ್ಟೆಂಬರ್ 30ಕ್ಕ ದೊಡ್ಡ ಬಂಗಲೇದಾಗ ಕುಣಿತದ ಪಾರ್ಟಿ ಇಟ್ಟಿದ್ಲು. ಹೊಸಾ ತಿಕೀಟು ಬಂದು ಒಂಬತ್ತು ದಿವಸ ಆಗಿತ್ತು, ಅದನ್ನ ಹಚ್ಚೇ ಆಮಂತ್ರಣ ಕಳಿಸಿದ್ಲು. ಅದರಾಗಿನ ಮೂರು ಲಕೋಟಿ ಉಳದಾವ. ಎಪ್ಪತ್ತು ಕೋಟಿಗೆ ಹೋದದ್ದು ಅದರಾಗಿಂದ ಒಂದು. ನಾವು ಮದುವಿ ಪತ್ರಿಕಾ ಹಂಚುವಾಗ ಯಾರ ಮನ್ಯಾಗ ಎಷ್ಟ ದಿವಸ ಉಳದಾವ ಹೇಳ್ರಿ? ಹುಡುಗ ಹುಡುಗಿ ಫೋಟೋ ಇದ್ರ ಆರು ತಿಂಗಳು, ಇಲ್ಲಂದ್ರ ಮರುದಿನ ಅದರ ಮ್ಯಾಲೆ ಕಿರಾಣಿ ಲೆಕ್ಕ!

ಆದ್ರ ನನ್ನ ಮನಸಿಗೆ ಹತ್ತಿದ್ದು ಲೇಡಿ ಗೊಮ್ ಅಲ್ಲ, ಫ್ರಾನ್ಸಿನ ಬೋರ್ದೋ ಊರಿನ ಇನ್ನೊಬ್ಬಾಕಿ, ಮದಾಮ್ ಬೋರ್ಶಾರ್ ಅಂತ. ಗಂಡ ವ್ಯಾಪಾರಸ್ಥ, ಮಾರೀಶಸ್ಸಿನಿಂದ ಪತ್ರಾ ಬರತಿದ್ದವು. 1860ರ ದಶಕದಾಗ ಈಕಿ ಗಂಡನ ಹಳೇ ಪತ್ರದ ಗಂಟು ಬಿಚ್ಚಿ ನೋಡಿದಾಗ ಈ ತಿಕೀಟು ಸಿಕ್ಕವು. ಅಲ್ಲೀತನಕಾ ತಿಕೀಟು ಕೂಡಿಸೋ ಮಂದಿಗೆ ಹಿಂಗ ಒಂದು ತಿಕೀಟು ಅದ ಅನ್ನೂದ ಗೊತ್ತಿರಲಿಲ್ಲ! ದೊಡ್ಡ ದೊಡ್ಡ ಪಂಡಿತರಿಗೆ ಸಿಗದದ್ದು ಮನಿ ಕಪಾಟು ಹಸನ ಮಾಡೋ ಹೆಣಮಗಳಿಗೆ ಸಿಕ್ತು. ಮುಂದ ಅವು ಕೈಯಿಂದ ಕೈಗೆ ದಾಟಿ ಹೋದವು. ನೀಲಿದೊಂದನ್ನ, ಯಾರೂ ಬಳಸದ್ದನ್ನ, 1904ರಾಗ ಇಂಗ್ಲೆಂಡಿನ ಯುವರಾಜ, ಮುಂದ ಐದನೇ ಜಾರ್ಜ್ ಆದವ, 1,450 ಪೌಂಡ್ ಕೊಟ್ಟು ತಗೊಂಡ. ಅದು ಬೇರೆಯವರ ಮನ್ಯಾಗಿಂದು, ಈಕಿದಲ್ಲ. ಮರುದಿನ ಅರಮನಿ ನೌಕರನೊಬ್ಬ 'ಯಾರೋ ಮೂರ್ಖ ಒಂದು ತಿಕೀಟಿಗೆ ಇಷ್ಟ ರೊಕ್ಕಾ ಸುರದಾನಂತ' ಅಂದದ್ದಕ್ಕ, 'ಆ ಮೂರ್ಖ ನಾನ' ಅಂದನಂತ ಯುವರಾಜ. ನಮ್ಮನಿಯವರೂ ಒಮ್ಮೆ ಹಿಂಗ ಹಳೇ ರೇಡಿಯೋ ತಂದಿದ್ರು, ಆದ್ರ ಅವರು ಒಪ್ಪಿಕೊಳ್ಳಲಿಲ್ಲ.

ಅದೇ ಬೋರ್ದೋಕ್ಕ 1847ರಾಗ ಒಬ್ಬ ದ್ರಾಕ್ಷಿ ಮದ್ಯದ ವ್ಯಾಪಾರಿಗೆ ಹೋದ ಒಂದು ಪತ್ರದ ಮ್ಯಾಲೆ ಕೇಸರಿಗೆಂಪಿಂದು, ನೀಲಿದು, ಎರಡೂ ತಿಕೀಟು ಅದಾವ. ಎರಡೂ ಕೂಡೇ ಇರೋ ಪತ್ರಾ ಜಗತ್ತಿನಾಗ ಅದೊಂದ. 1993ರಾಗ ಜೂರಿಕ್ಕಿನ ಲಿಲಾವಿನಾಗ 57 ಲಕ್ಷ 50 ಸಾವಿರ ಸ್ವಿಸ್ ಫ್ರಾಂಕಿಗೆ ಕೂಗಿದರು. ಅದೇ ವರ್ಷ ಮಾರೀಶಸ್ಸಿನ ಬ್ಯಾಂಕು, ಕಂಪನಿಗಳು ವಂತಿಗಿ ಹಾಕಿ, ಒಂದು ಕೆಂಪು, ಒಂದು ನೀಲಿ ಕೊಂಡು ತಮ್ಮೂರಿಗೆ ತಿರುಗಿ ತಂದಾರ. ಪೋರ್ಟ್ ಲೂಯಿಯ ಬ್ಲೂ ಪೆನ್ನಿ ಮ್ಯೂಸಿಯಂದಾಗ ಇಟ್ಟಾರ. ಬೆಳಕು ಬಿದ್ರ ಬಣ್ಣ ಹೋಗ್ತದ ಅಂತ ತಾಸಿಗೆ ಹತ್ತು ನಿಮಿಷ ಅಷ್ಟ ದೀಪಾ ಹಚ್ಚಿ ತೋರಸ್ತಾರಂತ, ಉಳದ ವ್ಯಾಳ್ಯಾದಾಗ ನಕಲು ನೋಡಬೇಕು.

ಇದಕ್ಕೂ ನಮಗೂ ಏನ್ ಸಂಬಂಧ ಅಂದ್ರ, ಇನ್ನೊಂದು ಪತ್ರ ಅದ. ಅದು ಬಂದದ್ದು ಮುಂಬೈಗೆ! 1850ರ ಜನವರಿ 4ನೇ ತಾರೀಖಿಂದು, ಮಾರೀಶಸ್ಸಿನಿಂದ ಮುಂಬೈಯ ಬೈಬಲ್ ಸೊಸೈಟಿಯ ಕಾರ್ಯದರ್ಶಿ ಥಾಮಸ್ ಜೆರೋಮ್ ಅನ್ನೋರಿಗೆ. ಬಾಜೂ ಬಾಜೂ ಎರಡು ಒಂದೊಂದ್ ಪೆನ್ನಿ ತಿಕೀಟು. ಮುಂದ 1897ರಾಗ ಹಿಂದೂಸ್ತಾನದ ಒಂದು ಬಜಾರದಾಗ ಒಬ್ಬ ಇಂಗ್ಲಿಷಿನವ ಅದನ್ನ 50 ಪೌಂಡಿಗೆ ಕೊಂಡು, ಲಂಡನ್ನಿಗೆ ಒಯ್ದು ಮೂವತ್ತು ಪಟ್ಟಿಗೂ ಹೆಚ್ಚಿಗೆ ಮಾರಿದ. 1968ರಾಗ ಅದೇ ಪತ್ರಾ ಅಮೆರಿಕಾದಾಗ 3 ಲಕ್ಷ 80 ಸಾವಿರ ಡಾಲರಿಗೆ ಹೋತು. ಆ ಪತ್ರಾ ಬಂದ ಕಾಲಕ್ಕ ನಮ್ಮ ಧಾರವಾಡನೂ ಮುಂಬೈ ಇಲಾಖೇದಾಗ ಇತ್ತು. ಆದ್ರ ಮುಂಬೈದಾಗ ಆಗಿನ್ನೂ ತಿಕೀಟು ಅನ್ನೂದ ಇರಲಿಲ್ಲ. 1852ರಾಗ ಸಿಂಧ ಪ್ರಾಂತದಾಗ ಬಾರ್ಟಲ್ ಫ್ರೆರ್ ಅನ್ನೋ ಅಧಿಕಾರಿ ಅರ್ಧ ಆಣೆದ್ದು 'ಸಿಂಧ್ ಡಾಕ್' ತಿಕೀಟು ತಂದ, ಏಷ್ಯಾಖಂಡಕ್ಕ ಅದು ಮೊದಲನೇದ್ದು. ಕೆಂಪು ಅರಗಿನ ಬಿಲ್ಲೆ ಹಂಗ ಮಾಡಿದ್ರಂತ ಒಂದನ್ನ, ಮುಟ್ಟಿದ್ರ ಹಪ್ಪಳದ್ಹಂಗ ಮುರೀತಿತ್ತಂತ. ಇಡೀ ದೇಶಕ್ಕ ತಿಕೀಟು ಬಂದದ್ದು 1854ರಾಗ.

ಇದನ್ನೆಲ್ಲಾ ಕೇಳಿದ ಮ್ಯಾಲೆ ಒಂದು ವಿಚಾರ ನನ್ನ ತಲಿಯಾಗ ಕೂತದ. ಲೇಡಿ ಗೊಮ್ ಪಾರ್ಟಿ ಕೊಡುವಾಗ ಅದೇ ದ್ವೀಪದ ಕಬ್ಬಿನ ಹೊಲದಾಗ ನಮ್ಮ ದೇಶದವರು ಸಾವಿರ ಸಾವಿರ ಮಂದಿ ದುಡೀತಿದ್ರು. 1834ರಿಂದ ಕರಾರು ಬರಸಿಕೊಂಡು ಬಿಹಾರದವರು, ತಮಿಳರು, ತೆಲುಗರು, ಕೊಂಕಣ ಕಡೆ ಮರಾಠಿಯವರು, ಎಲ್ಲಾರನ್ನೂ ಹಡಗಿನಾಗ ತುಂಬಿ ಒಯ್ದಿದ್ರು. ಅವರು ಇಳದ ಮೆಟ್ಟಲು ಪೋರ್ಟ್ ಲೂಯಿಯಾಗ ಇನ್ನೂ ಅದಾವ, 'ಆಪ್ರವಾಸಿ ಘಾಟ್' ಅಂತಾರ. ಅವರ ಮನಿಗೆ ಯಾರು ಪತ್ರಾ ಬರದಿರಬೇಕು? ಬರದ್ರೂ ಯಾರು ಓದಿ ಹೇಳಿರಬೇಕು? ಉಳದ ಇಪ್ಪತ್ತೇಳು ತಿಕೀಟಿನಾಗ ವ್ಯಾಪಾರದ್ದು, ಪಾರ್ಟಿದು, ಚರ್ಚಿಂದು ಸುದ್ದಿ ಸಿಗ್ತದ, 'ಅವ್ವಾ ಹೆಂಗಿದ್ದಿ' ಅನ್ನೂದು ಒಂದೂ ಇಲ್ಲ.

ಅಂಥಾ ಪತ್ರಾ ನಮ್ಮ ಅಟ್ಟದ ಟ್ರಂಕಿನಾಗ ಇದ್ದವು.

ನಮ್ಮ ಅತ್ತಿಯವರಿಗೆ ಈಗ ಎಂಬತ್ತೇಳು. ಅವರಿಗೆ ಇಬ್ರು ಅಣ್ಣಂದಿರು. ದೊಡ್ಡವರು ಊರಾಗ ಹೊಲಾ ನೋಡ್ಕೊಂಡಿದ್ರು, ಸಣ್ಣವರು ಮುಂಬೈಯಿಂದ ಹಡಗು ಹತ್ತಿ ನೈರೋಬಿಗೆ ಹೋಗಿ ರೇಲ್ವೇದಾಗ ಕಾರಕೂನ ಆಗಿದ್ರು. ಅಲ್ಲಿಂದ ತಂಗಿಗೆ ಬರದ ಇಪ್ಪತ್ಮೂರು ಪತ್ರಾ ಅವ. ಕೀನ್ಯಾ, ಯುಗಾಂಡಾ, ಟಾಂಗಾನ್ಯಿಕಾ ಮೂರೂ ದೇಶದ ಹೆಸರು ಒಂದ ತಿಕೀಟಿನ ಮ್ಯಾಲೆ, ಒಂದು ಮೂಲ್ಯಾಗ ಎಲಿಜಬೆತ್ ರಾಣಿ, ನಡುವ ಸಿಂಹ, ಆನಿ, ಜಿರಾಫಿ. ಮಕ್ಕಳ ಕಣ್ಣಿಗೆ ಬೀಳದ ಇರ್ತಾವೇನು? ನನ್ನ ಮೈದುನ ಸಾಲಿ ಕಲಿಯೋವಾಗ ಕತ್ರಿ ತಗೊಂಡು ಹದಿನಾಲ್ಕು ಲಕೋಟಿ ಮೂಲಿ ಚೌಕಾಗಿ ಕತ್ತರಿಸಿ ಆಲ್ಬಮ್ಮಿಗೆ ಹಚ್ಯಾನ. ಆವಾಗ ಎಲ್ಲಾ ಹುಡುಗರೂ ಹಂಗ ಮಾಡತಿದ್ರು. ಅತ್ತಿಯವರೂ ಬ್ಯಾಡ ಅನ್ನಲಿಲ್ಲ. 'ಒಯ್ಯಿ, ಎಲ್ಲಾ ಒಯ್ಯಿ' ಅಂದಿದ್ರಂತ.

ಯಾಕಂದ್ರ ಅವರಿಗೆ ಆ ಅಣ್ಣನ ಮ್ಯಾಲೆ ಸಿಟ್ಟು. ಅಂಥಿಂಥಾ ಸಿಟ್ಟಲ್ಲ, ಅರವತ್ತು ವರ್ಷದ ಸಿಟ್ಟು. ನಾ ಈ ಮನಿಗೆ ಸೊಸಿಯಾಗಿ ಬಂದ ಮ್ಯಾಲೆ ಹತ್ತು ಸಲ ಕೇಳೇನಿ. 1959ರ ಆಗಸ್ಟ್ 14ಕ್ಕ ಅವರ ಅವ್ವ ತೀರಿಕೊಂಡ್ರು. ದೊಡ್ಡಣ್ಣ ಅದೇ ದಿನಾ ನೈರೋಬಿಗೆ ತಾರ ಹೊಡದ್ರು. ಎರಡು ವಾರ ಕಳದ ಮ್ಯಾಲೆ ಸಣ್ಣಣ್ಣನ ಪತ್ರಾ ಬಂತು. ಅತ್ತಿಯವರಿಗೆ ಆವಾಗ ಇಪ್ಪತ್ತೊಂದು ವರ್ಷ, ಹೊಸದಾಗಿ ಮದುವಿ ಆಗಿ ಧಾರವಾಡಕ್ಕ ಬಂದಿದ್ರು. ಒಡದು ನೋಡಿದ್ರ ಒಳಗ ಏನದ? 'ಪಂಚಮಿಗೆ ಏನೇನ್ ಉಂಡಿ ಕಟ್ಟೀರಿ? ಜೋಕಾಲಿ ಎಲ್ಲೆ ಕಟ್ಟೀರಿ? ಅವ್ವಗ ಹೇಳು, ನನ್ನ ಪಾಲಿನ ಉಂಡಿ ತಗದಿಡು ಅಂತ. ದೀಪಾವಳಿಗೆ ಅವ್ವಗ ಸೀರಿ ಕಳಸ್ತೇನಿ.' ಅವ್ವನ್ನ ಕಳಕೊಂಡ ಮಗಳಿಗೆ ಇದನ್ನ ಓದಿ ಏನಾಗಿರಬೇಕು ನೀವ ವಿಚಾರ ಮಾಡ್ರಿ. ತಾರ ಮುಟ್ಟಿದ ಮ್ಯಾಲೆ ಹಿಂಗ ಬರೀಬೇಕಂದ್ರ ಅವಂಗ ತಲಿ ಕೆಟ್ಟಿರಬೇಕು, ಇಲ್ಲಾ ಎದಿಯಾಗ ಕಲ್ಲಿರಬೇಕು ಅಂತ ಅತ್ತಿಯವರು ಅವತ್ತಿನಿಂದ ಆ ಅಣ್ಣಗ ಉತ್ತರಾ ಬರೀಲಿಲ್ಲ. ದುಃಖದ ಪತ್ರಾ ದೊಡ್ಡಣ್ಣಗ ಬಂದಿತ್ತಂತ, ಇವರಿಗೆ ಬರಲಿಲ್ಲ. 'ನನಗ ಉಂಡಿ ಕೇಳಿ ಬರದ, ಅಂವಗ ಅತ್ತು ಬರದ' ಅಂತಿದ್ರು. ಮಾವನವರು ಬದುಕಿದ್ದಾಗ, 'ಟಪಾಲು ತಡಾ ಆಗಿರಬೇಕು' ಅಂತ ಸಮಾಧಾನ ಮಾಡಿದ್ರಂತ. 'ವಿಮಾನದ ಪತ್ರಾ ಯಾವಾಗ್ಲೂ ಒಂದು ವಾರಕ್ಕ ಬರ್ತದ, ಇದೊಂದ ಯಾಕ ತಡಾ ಆಗ್ತದ?' ಅಂತ ಅತ್ತಿಯವರು ಕೇಳಿದ್ರು. ಅದಕ್ಕ ಯಾರ ಹತ್ರನೂ ಉತ್ತರಾ ಇರಲಿಲ್ಲ. ಪತ್ರದ ಒಳಗ ತಾರೀಖು ಇಲ್ಲ, ಬರೇ 'ಸೋಮವಾರ' ಅಂತ ಅದ. 1962ರಾಗ ಆ ಸಣ್ಣಣ್ಣ ನೈರೋಬಿಯಾಗ ತೀರಿಕೊಂಡ್ರು. ಮುಖಾ ನೋಡೂದು ಆಗಲೇ ಇಲ್ಲ.

ಹೋದ ವರ್ಷ ಅಟ್ಟಾ ಹಸನ ಮಾಡುವಾಗ ಟ್ರಂಕು ಇಳಿಸಿದ್ವಿ. ಹುಬ್ಬಳ್ಳಿಯಿಂದ ಹಳೇ ನಾಣ್ಯ, ತಿಕೀಟು ಕೊಳ್ಳಾಂವ ಒಬ್ಬ ಓಣಿಯಾಗ ಬರ್ತಾನ. ಉಳದ ಒಂಬತ್ತರ ತಿಕೀಟು ಕತ್ತರಿಸಿ ಕೊಟ್ರ ಎಲ್ಲಾ ಕೂಡಿ ನೂರು ರೂಪಾಯಿ ಕೊಡ್ತೇನಿ, ಲಕೋಟಿ ನನಗ ಬ್ಯಾಡ ಅಂದ. ನಮ್ಮನಿಯವರು, ಕೊಟ್ಟು ಕಳಸು, ಟ್ರಂಕರೆ ಹಗರ ಆಗ್ತದ ಅಂದ್ರು. ನಾ ಮೊದಲ ಪೋಸ್ಟಮಾಸ್ತರ ಕಾಕಾಗ ತೋರಸ್ತೇನಿ ಅಂದೆ.

ಕಾಕಾ ಭೂತಗನ್ನಡಿ ತಗೊಂಡು ಒಂದೊಂದ ಲಕೋಟಿ ಹಿಂದ ಮುಂದ ಹೊಳ್ಳಿಸಿ ನೋಡಿದ್ರು. ತಿಕೀಟು ಕತ್ತರಿಸಿದ್ರ ಬರೇ ಚಿತ್ರಾ ಉಳೀತದ, ಲಕೋಟಿ ಸಮೇತ ಇದ್ರ ಅದು ಎಲ್ಲಿಂದ ಹೊಂಟ್ತು, ಯಾವತ್ತು ಹೊಂಟ್ತು, ಯಾವ ಹಾದಿ ಹಿಡದು ಬಂತು, ಯಾವತ್ತು ಮುಟ್ತು, ಎಲ್ಲಾ ಬರದಿರ್ತದ ಅಂತ ತಿಳಿಸಿ ಹೇಳಿದ್ರು. ಮುಂಬೈ ಪತ್ರಕ್ಕ, ಬೋರ್ದೋ ಪತ್ರಕ್ಕ ಅಷ್ಟು ಕಿಮ್ಮತ್ತು ಬಂದದ್ದು ಇದ ಕಾರಣಕ್ಕ. ಕಳಿಸಿದ ಊರಿನ ಶಿಕ್ಕಾ ಅರ್ಧಾ ತಿಕೀಟಿನ ಮ್ಯಾಲೆ, ಅರ್ಧಾ ಲಕೋಟಿ ಮ್ಯಾಲೆ ಬಿದ್ದಿರ್ತದ. ಮುಟ್ಟಿದ ಊರಿನ ಶಿಕ್ಕಾ ಹಿಂದಿನ ಮಗ್ಗಲಾಗ. ಕತ್ರಿ ಹಾಕಿದ್ರ ಎರಡೂ ಬ್ಯಾರೆ ಆಗ್ತಾವ.

ನನಗ ಆವಾಗ ಉಂಡಿ ಪತ್ರಾ ನೆನಪಾತು. ಗಂಟಿನಾಗ ಹುಡುಕಿದ್ರ ಅದು ಕತ್ತರಿಸಿದ್ದರಾಗ ಇರಲಿಲ್ಲ! ಅದರ ಜಿರಾಫಿ ಕುತ್ತಿಗಿ ಹತ್ರ ತಿಕೀಟು ಹರದಿತ್ತು, ಮೈದುನಗ ಮನಸಿಗೆ ಬಂದಿಲ್ಲ, ಬಿಟ್ಟಾನ. ಶಿಕ್ಕಾದಾಗಿನ ನೈರೋಬಿ ಅನ್ನೂದು ಲಕೋಟಿ ಮ್ಯಾಲೆ, ತಾರೀಖು ಜಿರಾಫಿ ಮೈಮ್ಯಾಲೆ. ಕಾಕಾ ಕಿಟಕಿ ಹತ್ರ ಹಿಡದು ಓದಿದ್ರು, 10 ಆಗಸ್ಟ್ 1959. ಹೊಳ್ಳಿಸಿ ನೋಡಿದ್ರ ಧಾರವಾಡ ಶಿಕ್ಕಾ, 31 ಆಗಸ್ಟ್. 'ಇಪ್ಪತ್ತೊಂದು ದಿವಸ. ನೋಡವಾ, ಇದರ ಮ್ಯಾಲೆ ನೀಲಿ ಏರ್ ಮೇಲ್ ಚೀಟಿನ ಇಲ್ಲ. ಉಳದದ್ದರ ಮ್ಯಾಲೆ ಅದ. ಇದು ಮೊಂಬಾಸಾದಿಂದ ಹಡಗಿನಾಗ ಬಂದದ್ದು' ಅಂದ್ರು. ಅವತ್ತು ಯಾವ ವಾರ ಇತ್ತು ಅಂತ ಮಗಳು ಮೊಬೈಲಿನಾಗ ತಗದು ನೋಡಿದ್ಲು. ಸೋಮವಾರ. ಪಂಚಮಿ ಆಗಿ ಒಂದೆರಡು ದಿವಸ.

ಅವ್ವ ಹೋಗೂ ನಾಲ್ಕು ದಿವಸ ಮೊದಲ ಬರದ ಪತ್ರಾ ಅದು. ಅಂವ ರೊಕ್ಕಾ ಉಳಸಾಕ ಹಡಗಿಗೆ ಹಾಕಿದ್ನೋ, ವಿಮಾನದ ಹೊತ್ತು ತಪ್ಪಿತ್ತೋ, ಯಾರಿಗ್ಗೊತ್ತು.

ಅತ್ತಿಯವರಿಗೆ ಹೆಂಗ ಹೇಳೂದು ಅಂತ ಎರಡು ದಿವಸ ನಮ್ಮನಿಯವರೂ ನಾನೂ ಮಾತಾಡಿಕೊಂಡ್ವಿ. 'ಈ ವಯಸ್ಸಿನಾಗ ಯಾಕ, ಬಿಡು, ಸಿಟ್ಟಿನಾಗ ಅರೆ ಇದ್ದಾರ, ಈಗ ತಿಳದ್ರ ಕೊರಗ್ತಾರ' ಅಂದ್ರು ಅವರು. ಅದೂ ಖರೇನ. ಆದ್ರ ನನಗ ನಿದ್ದಿ ಬರಲಿಲ್ಲ. ಸತ್ತು ಹೋದವರ ಮ್ಯಾಲೆ ಇಲ್ಲದ ತಪ್ಪು ಹಂಗ ಇರೂದು ಸರಿ ಅನಸಲಿಲ್ಲ. ಕಡೀಕ ಒಂದು ಸಂಜೀಮುಂದ, ಅವರು ಅವರಿಕಾಯಿ ಸುಲಕೋತ ಕೂತಾಗ, ಲಕೋಟಿ ಕೈಯಾಗ ಕೊಟ್ಟು, 'ಅತ್ಯಾ, ಇದು ಹಡಗಿನಾಗ ಬಂದದ್ದರಿ, ನಿಮ್ಮ ಅವ್ವಾರು ಹೋಗೂಕಿಂತ ಮೊದಲ ಹಾಕ್ಯಾರ' ಅಂತ ತಾರೀಖು ಬೊಟ್ಟು ಮಾಡಿ ತೋರಿಸಿದೆ.

ಕಣ್ಣು ಸರಿ ಕಾಣೂದಿಲ್ಲ ಅವರಿಗೆ. ಭೂತಗನ್ನಡಿ ಹಿಡದು ಭಾಳ ಹೊತ್ತು ನೋಡಿದ್ರು. ಹಿಂದಿಂದೂ ನೋಡಿದ್ರು. 'ಹತ್ತನೇ ತಾರೀಖು' ಅಂದ್ರು. ಆಮ್ಯಾಲೆ 'ಒಳಗಿಂದು ಓದು' ಅಂದ್ರು. ಓದಿದೆ. ಉಂಡಿ ಬಂದಲ್ಲೆ ಕೈ ಮಾಡಿ ನಿಲ್ಲಿಸಿ, 'ಅವ್ವ ಅವನ ಪಾಲು ತಗದಿಟ್ಟಿದ್ಲು. ಶೇಂಗಾದ್ದು. ಪ್ರತಿ ವರ್ಷ ತಗದಿಡತಿದ್ಲು, ಆಮ್ಯಾಲೆ ನಾವ ತಿಂತಿದ್ವಿ' ಅಂದ್ರು. ಅಳಲಿಲ್ಲ. ಅವರಿಕಾಯಿ ಮತ್ತ ಸುಲೀಲಿಲ್ಲ, ಹಂಗ ಬುಟ್ಟಿ ಸರಿಸಿ ಎದ್ದು ಹೋದ್ರು. ರಾತ್ರಿ ಊಟಕ್ಕೂ ಬರಲಿಲ್ಲ. ನಮ್ಮನಿಯವರು ನನ್ನ ಮುಖಾ ನೋಡಿದ್ರು, ನಾ ಮಾತಾಡಲಿಲ್ಲ. ಮುಂಜಾನೆ ಎದ್ದು ಚಹಾ ಕೊಟ್ಟಾಗ ಅತ್ತಿಯವರ ಅಂದ್ರು, 'ಉಳದದ್ದೂ ತಾ, ತಾರೀಖಿನ ಪ್ರಕಾರ ಹಚ್ಚೂಣು.'

ಈಗ ದಿವಸಾ ಮಧ್ಯಾಹ್ನ ಒಂದೊಂದು ಪತ್ರಾ ಓದತೇವಿ. ಪೂರ್ತಿ ಇರೋ ಒಂಬತ್ತು ಲಕೋಟಿ ಸಾಲಾಗಿ ಹಚ್ಚಿದ್ದಾತು. ಕಾಕಾ ಹೇಳಿಧಂಗ ಪ್ಲಾಸ್ಟಿಕ್ಕಿನಾಗ ಹಾಕಿಲ್ಲ, ಅಂಟು ಹಚ್ಚಿಲ್ಲ, ಬಿಳೇ ಹಾಳಿ ನಡುವ ಇಟ್ಟು ಬೀರುವಿನಾಗ ಇಟ್ಟೇನಿ. ಹುಬ್ಬಳ್ಳಿಯಾಂವ ಮತ್ತ ಬಂದಿದ್ದ, ಇಲ್ಲ ಅಂತ ಹೇಳಿ ಕಳಿಸಿದೆ. ಹರದ ಜಿರಾಫಿಗೆ ಎಷ್ಟ ಬರ್ತದ ಅಂತ ಅತ್ತಿಯವರು ಕಾಕಾಗ ಕೇಳಿದ್ರು. ಐದು ರೂಪಾಯಿನೂ ಬರೂದಿಲ್ಲ ಅಂತ ಹೇಳಿದ್ರು ಅವರು.

ಉಳದ ಹದಿನಾಲ್ಕಕ್ಕ ತಾರೀಖಿಲ್ಲ, ಮೂಲ್ಯಾಗ ಕಿಡಕಿ. ಯಾವುದು ಮೊದಲ, ಯಾವುದು ಆಮ್ಯಾಲೆ ತಿಳೀವಲ್ದು. ಮೈದುನಗ ಫೋನ್ ಮಾಡಿದ್ವಿ. ಆಲ್ಬಮ್ ಬೆಳಗಾವಿ ಮನಿ ಲಾಫ್ಟಿನಾಗ ಅದ ಅಂತ, ದೀಪಾವಳಿಗೆ ಬರುವಾಗ ತರ್ತಾನ. ತಿಕೀಟಿನ ಮ್ಯಾಲಿನ ಅರ್ಧಾ ಶಿಕ್ಕಾ, ಲಕೋಟಿ ಮ್ಯಾಲಿನ ಅರ್ಧಾ ಶಿಕ್ಕಾ ಜೋಡಿಸಿ ನೋಡಿದ್ರ ಯಾವ ಜಿರಾಫಿ ಯಾವ ಪತ್ರದ್ದು ಅಂತ ಗೊತ್ತಾಗ್ತದ ಅಂತಾರ ಕಾಕಾ. ಅತ್ತಿಯವರು ಭೂತಗನ್ನಡಿ ಈಗಿಂದನ ತಮ್ಮ ದಿಂಬಿನ ಹತ್ರ ಇಟ್ಕೊಂಡಾರ.